‘ನಿಮ್ಮ ಶಾಲೆಗೆ 20 ಲಕ್ಷ, ಈ ಲಿಂಕ್ ಒತ್ತಿ’: ವಿಜ್ಞಾನ, ಗಣಿತದ ಉಪಕರಣಗಳಿಗೆ ಹಣ ನಿಜಕ್ಕೂ ಸಿಗುವುದು ಹೇಗೆ?

‘ಎಲ್ಲ ಸರ್ಕಾರಿ ಶಾಲೆಗಳಿಗೂ ವಿಜ್ಞಾನ ಪ್ರಯೋಗಾಲಯಕ್ಕೆ 20 ಲಕ್ಷ ರೂಪಾಯಿ ಮಂಜೂರು. ಇಂದೇ ಕೊನೆಯ ದಿನ. ಕೆಳಗಿನ ಲಿಂಕ್ ಒತ್ತಿ, ನೋಂದಣಿ ಶುಲ್ಕ ಕಟ್ಟಿ. ಹತ್ತು ಗುಂಪುಗಳಿಗೆ ಕಳಿಸಿ, ಬಡ ಮಕ್ಕಳಿಗೆ ನೆರವಾಗಿ.’

ಇಂಥದ್ದೊಂದು ಸಂದೇಶ ನಿಮ್ಮ ಹಳೆ ವಿದ್ಯಾರ್ಥಿಗಳ ಗುಂಪಿಗೋ ಎಸ್‌ಡಿಎಂಸಿ ಗುಂಪಿಗೋ ಬಂದರೆ ಏನು ಮಾಡುತ್ತೀರಿ? ಒಳ್ಳೆಯ ಕೆಲಸ ಅಲ್ಲವೇ ಎಂದು ಮುಂದಕ್ಕೆ ಕಳಿಸಿಬಿಡುವವರೇ ಹೆಚ್ಚು. ಆದರೆ ಆ ಸಂದೇಶ ಕೊನೆಗೆ ಹೋಗಿ ತಲುಪುವುದು ಯಾವುದೋ ಹಳ್ಳಿಯ ಹೆಡ್‌ಮಾಸ್ಟರ ಫೋನಿಗೆ. ಮಕ್ಕಳಿಗೆ ಏನಾದರೂ ಆಗಲಿ ಎಂದು ಅವರು ತಮ್ಮ ಜೇಬಿನಿಂದ ಶುಲ್ಕ ಕಟ್ಟಿದರೆ ಹೋಗುವುದು ಅವರ ಸಂಬಳದ ಹಣ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸುಳ್ಳು ಅರ್ಜಿಯ ಹಿಂದೆ ಓಡುವಾಗ ನಿಜವಾದ ಅನುದಾನದ ಗಡುವು ಮುಗಿದಿರುತ್ತದೆ.

ಹಾಗಾದರೆ ನಿಜ ಯಾವುದು? ಚಿಕ್ಕ ಉತ್ತರ ಇಷ್ಟು: ಶಾಲೆಗಳಿಗೆ ಉಪಕರಣ ಕೊಳ್ಳಲು ಹಣ ಇದೆ, ಒಂದಲ್ಲ, ನಾಲ್ಕೈದು ದಾರಿಗಳಿವೆ. ಯಾವುದೂ ಲಿಂಕ್ ಒತ್ತಿದ ಮಾತ್ರಕ್ಕೆ ಬರುವುದಿಲ್ಲ, ಯಾವುದಕ್ಕೂ ಶುಲ್ಕ ಕಟ್ಟಬೇಕಿಲ್ಲ. ಮಕ್ಕಳು ಯಾವ ಪಾಠ ಮಾಡುತ್ತಾರೆ ಎಂಬುದನ್ನು ಸರಿಯಾಗಿ ಬರೆದ ಅರ್ಜಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

20 ಲಕ್ಷದ ಮಾತು ಎಲ್ಲಿಂದ ಬಂತು?

ಪೂರ್ತಿ ಕಟ್ಟುಕತೆಯಲ್ಲ. ನೀತಿ ಆಯೋಗದ ಅಟಲ್ ಇನೋವೇಶನ್ ಮಿಷನ್ ಅಡಿಯಲ್ಲಿ ‘ಅಟಲ್ ಟಿಂಕರಿಂಗ್ ಲ್ಯಾಬ್’ ಎಂಬ ಯೋಜನೆ ಇದೆ. ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿವರೆಗೆ ಅನುದಾನ: ಲ್ಯಾಬ್ ಕಟ್ಟಿಕೊಳ್ಳಲು 10 ಲಕ್ಷ, ಐದು ವರ್ಷ ನಡೆಸಲು 10 ಲಕ್ಷ. ತ್ರೀಡಿ ಪ್ರಿಂಟರ್, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು, ಸೆನ್ಸರ್‌ಗಳು, ರೋಬೋಟ್ ಮಾಡುವ ಕಿಟ್‌ಗಳು ಇಲ್ಲಿರುತ್ತವೆ. ದೇಶದಲ್ಲಿ ಈವರೆಗೆ ಇಂಥ 10,000 ಲ್ಯಾಬ್‌ಗಳು ಆಗಿವೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಲ್ಯಾಬ್ ಮಾಡುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಯಿತು.

‘ಆಯ್ಕೆಯಾದ ಶಾಲೆಗೆ’ ಎಂಬುದು ಫಾರ್ವರ್ಡ್ ಆಗುತ್ತಾ ‘ಎಲ್ಲ ಶಾಲೆಗೆ’ ಆಗಿಬಿಟ್ಟರೆ ಸಾಕು, ಅರ್ಧ ಸತ್ಯ ಪೂರ್ತಿ ಸುಳ್ಳಾಗುತ್ತದೆ.

ಇದು ಸುಳ್ಳು ಎನ್ನಲು ಒಂದು ಗುಣಾಕಾರ ಸಾಕು. ದೇಶದಲ್ಲಿ ಸರ್ಕಾರಿ ಶಾಲೆಗಳು ಸುಮಾರು 10 ಲಕ್ಷ. ಪ್ರತಿ ಶಾಲೆಗೆ 20 ಲಕ್ಷ ಎಂದರೆ 2 ಲಕ್ಷ ಕೋಟಿ ರೂಪಾಯಿ ಆಯಿತು. 2025-26ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಇಡೀ ಬಜೆಟ್ಟೇ ಸುಮಾರು 1.28 ಲಕ್ಷ ಕೋಟಿ. ಅದರಲ್ಲಿ ವಿಶ್ವವಿದ್ಯಾಲಯಗಳೂ ಐಐಟಿಗಳೂ ಸೇರಿವೆ. ಬರೀ ಲ್ಯಾಬಿಗೆ ಅದಕ್ಕಿಂತ ಹೆಚ್ಚು ಹಣ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಟಿಂಕರಿಂಗ್ ಲ್ಯಾಬ್ ಇರುವುದು 6ನೇ ತರಗತಿ ಮತ್ತು ಅದಕ್ಕಿಂತ ಮೇಲಿನ ಮಕ್ಕಳಿಗೆ. ಈ ಹಿಂದಿನ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶದ ಶಾಲೆಗೆ 1,500 ಚದರ ಅಡಿ ಜಾಗ ಕೇಳಿದ್ದರು. ಎರಡು ಕೊಠಡಿಯ ಕಿರಿಯ ಪ್ರಾಥಮಿಕ ಶಾಲೆಗೆ ಅದು ಹೊಂದುವುದೇ ಇಲ್ಲ. ಇಂಥ ಶಾಲೆಯ ಶಿಕ್ಷಕರು ಈ ಲಿಂಕ್ ಹಿಂದೆ ಬೀಳುವ ಬದಲು ಬೇರೆ ದಾರಿ ನೋಡಬೇಕು.

ಲಿಂಕ್ ಅಸಲಿಯೇ ಎಂದು ತಿಳಿಯುವುದು ಹೇಗೆ?

ಅನುದಾನದ ಸಂದೇಶ ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

- ಶುಲ್ಕ ಕೇಳುತ್ತಿದೆಯೇ? ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಲು ‘ಪ್ರೊಸೆಸಿಂಗ್ ಫೀ’, ‘ಫೈಲ್ ಚಾರ್ಜ್’ ಎಂದು ಯಾರದೋ ಯುಪಿಐಗೆ ಹಣ ಕಳಿಸುವ ಪದ್ಧತಿ ಇಲ್ಲ.
- ಒಟಿಪಿ ಅಥವಾ ಯುಪಿಐ ಪಿನ್ ಕೇಳುತ್ತಿದೆಯೇ? ಹಣ ಬರಬೇಕಾದರೆ ಪಿನ್ ಒತ್ತಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ.
- ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ? ಅದು ವಿಳಾಸದ ಮಧ್ಯದಲ್ಲೆಲ್ಲೋ ಇದ್ದು, ಆಮೇಲೆ ಡಾಟ್ ಹಾಕಿ ಬೇರೆ ಹೆಸರು ಸೇರಿಸಿದ್ದರೆ ಅದು ಸರ್ಕಾರದ ತಾಣವಲ್ಲ.
- ಶಾಲೆಯ ಯುಡೈಸ್ ಸಂಖ್ಯೆ ಕೇಳುತ್ತಿದೆಯೇ? ಪ್ರತಿ ಶಾಲೆಗೂ 11 ಅಂಕಿಯ ಈ ಸಂಖ್ಯೆ ಇರುತ್ತದೆ. ಕರ್ನಾಟಕದ ಶಾಲೆಗಳದ್ದು 29ರಿಂದ ಶುರುವಾಗುತ್ತದೆ. ಸರ್ಕಾರಿ ಯೋಜನೆಗಳು ಶಾಲೆಯನ್ನು ಗುರುತಿಸುವುದು ಇದರಿಂದಲೇ. ಇದನ್ನು ಕೇಳದೆ ನೇರವಾಗಿ ಬ್ಯಾಂಕ್ ಖಾತೆಗೆ ಕೈಹಾಕುವ ಅರ್ಜಿಯನ್ನು ಅನುಮಾನದಿಂದ ನೋಡಿ.

ಹಣ ಈಗಾಗಲೇ ಹೋಗಿದ್ದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರಿಗಾಗಿಯೇ ಇರುವ ಸಂಖ್ಯೆ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೊದಲು ನೋಡಬೇಕಾದದ್ದು ಶಾಲೆಗೆ ಬರುವ ಹಣವನ್ನೇ

ಬಹಳ ಮಂದಿ ಪೋಷಕರಿಗೆ ತಿಳಿಯದ ವಿಷಯ ಇದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಪ್ರತಿ ವರ್ಷ ‘ಸಂಯುಕ್ತ ಶಾಲಾ ಅನುದಾನ’ ಎಂಬುದಿದೆ. ಯೋಜನೆಯ ಮಾರ್ಗಸೂಚಿಯಂತೆ ಮಕ್ಕಳ ಸಂಖ್ಯೆಗೆ ತಕ್ಕ ಹಾಗೆ ಮೊತ್ತ ಹೀಗಿದೆ:

- 30 ಮಕ್ಕಳವರೆಗೆ: 10,000 ರೂಪಾಯಿ
- 31ರಿಂದ 100: 25,000 ರೂಪಾಯಿ
- 101ರಿಂದ 250: 50,000 ರೂಪಾಯಿ
- 251ರಿಂದ 1,000: 75,000 ರೂಪಾಯಿ
- 1,000ಕ್ಕಿಂತ ಹೆಚ್ಚು: 1 ಲಕ್ಷ ರೂಪಾಯಿ

ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕು. ಕೆಟ್ಟ ಉಪಕರಣಗಳ ಬದಲಿಗೆ ಹೊಸದು ತರುವುದು, ಪ್ರಯೋಗಾಲಯದ ಸಾಮಗ್ರಿ, ಕಲಿಕೋಪಕರಣ, ವಿದ್ಯುತ್ ಬಿಲ್ಲು, ನೀರು ಎಲ್ಲವೂ ಇದರಲ್ಲೇ ಆಗಬೇಕು. ಹಾಗಾಗಿ ದೊಡ್ಡ ಮೊತ್ತವೇನಲ್ಲ. ಆದರೆ 120 ಮಕ್ಕಳ ಶಾಲೆಗೆ ಬರುವ 50,000ದಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರವನ್ನು ಉಪಕರಣಕ್ಕೆ ಎತ್ತಿಟ್ಟರೂ ಬೀಕರ್, ಭೂತಗನ್ನಡಿ, ಅಳತೆ ಟೇಪು, ಬ್ಯಾಟರಿ, ತಂತಿಗೆ ಅಷ್ಟು ಸಾಕು. ಇದನ್ನು ತೀರ್ಮಾನಿಸುವುದು ಎಸ್‌ಡಿಎಂಸಿ ಸಭೆ, ಅಂದರೆ ಪೋಷಕರೇ.

ಇಲ್ಲಿ ಕಾನೂನಿನ ಬಲವೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲೆಯ ಸಮಿತಿ ‘ಶಾಲಾ ಅಭಿವೃದ್ಧಿ ಯೋಜನೆ’ಯನ್ನು ತಯಾರಿಸಬೇಕು. ಸರ್ಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಕೇಂದ್ರದ ಮಾದರಿ ನಿಯಮಗಳಂತೆ, ಹಣಕಾಸು ವರ್ಷ ಮುಗಿಯಲು ಮೂರು ತಿಂಗಳು ಇರುವಾಗಲೇ ಇದು ಸಿದ್ಧವಾಗಬೇಕು. ಅಂದರೆ ಡಿಸೆಂಬರ್ ಒಳಗೆ. ಆ ಯೋಜನೆಯಲ್ಲಿ ಸೂಕ್ಷ್ಮದರ್ಶಕದ ಹೆಸರೇ ಇಲ್ಲದಿದ್ದರೆ ಮಾರ್ಚ್‌ನಲ್ಲಿ ‘ನಮ್ಮ ಶಾಲೆಗೆ ಏನೂ ಬರಲಿಲ್ಲ’ ಎಂದು ಹೇಳಿ ಪ್ರಯೋಜನವಿಲ್ಲ. ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿ 8ನೇ ತರಗತಿಯೊಳಗಿದ್ದರೆ, ಮುಂದಿನ ಸಭೆಯಲ್ಲಿ ಆ ಯೋಜನೆಯ ಪ್ರತಿಯನ್ನು ಕೇಳಿ ನೋಡಿ.

‘ಕಂಪನಿಗಳು ಶಾಲೆಗಳಿಗೆ ಶೇ 2 ಕೊಡಲೇಬೇಕು’ ನಿಜವೇ?

ಇದೂ ಅರ್ಧ ಸತ್ಯ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಎಲ್ಲ ಕಂಪನಿಗಳಿಗೂ ಅನ್ವಯಿಸುವುದಿಲ್ಲ. ಹಿಂದಿನ ವರ್ಷ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಾದರೂ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಾವು ಸಿಎಸ್‌ಆರ್ ಎನ್ನುವುದು ಇದನ್ನೇ. ಶಿಕ್ಷಣ ಆ ಪಟ್ಟಿಯಲ್ಲಿದೆ. ಅದರ ಜೊತೆ ಆರೋಗ್ಯ, ಕುಡಿಯುವ ನೀರು, ಪರಿಸರವೂ ಇವೆ. ಯಾವುದಕ್ಕೆ ಕೊಡಬೇಕು ಎಂದು ಕಂಪನಿಯೇ ತೀರ್ಮಾನಿಸುತ್ತದೆ. ಹಾಗಾಗಿ ‘ಕೊಡಲೇಬೇಕು’ ಎಂಬ ಧಾಟಿಯಲ್ಲಿ ಪತ್ರ ಬರೆದರೆ ಕೆಲಸ ಕೆಡುತ್ತದೆ.

ಕೇಳುವವರಿಗೆ ಅನುಕೂಲವಾಗುವ ಅಂಶಗಳೂ ಕಾನೂನಿನಲ್ಲಿವೆ. ಕಂಪನಿ ತಾನು ಇರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದಿದೆ. ಆದ್ದರಿಂದ ಎಲ್ಲೋ ಬೆಂಗಳೂರಿನ ದೊಡ್ಡ ಹೆಸರಿಗಿಂತ ನಿಮ್ಮ ತಾಲೂಕಿನ ಕಾರ್ಖಾನೆಯನ್ನು ಮೊದಲು ನೋಡಿ. ಕಂಪನಿಗೆ ಜಾಲತಾಣ ಇದ್ದರೆ ಸಿಎಸ್‌ಆರ್ ನೀತಿ ಮತ್ತು ಒಪ್ಪಿಗೆಯಾದ ಯೋಜನೆಗಳನ್ನು ಅದರಲ್ಲಿ ಹಾಕಬೇಕು. ಅರ್ಜಿ ಬರೆಯುವ ಮೊದಲು ಅದನ್ನು ಓದಿ. ನೀರಿನ ಕೆಲಸಕ್ಕೆ ಮಾತ್ರ ಕೊಡುವವರ ಬಳಿ ಸೂಕ್ಷ್ಮದರ್ಶಕ ಕೇಳಿ ಪ್ರಯೋಜನವಿಲ್ಲ.

ಹಣ ಶಾಲೆಯ ಖಾತೆಗೇ ಬರಬೇಕು ಎಂಬ ಹಠವೂ ಬೇಡ. ಕಂಪನಿ ತಾನೇ ಸಾಮಗ್ರಿ ಕೊಂಡು ಕೊಡಬಹುದು, ಇಲ್ಲವೇ ಸಿಎಸ್‌ಆರ್-1 ನೋಂದಣಿ ಇರುವ ಸಂಸ್ಥೆಯ ಮೂಲಕ ಕೊಡಬಹುದು. ‘ನಾವು ಸಿಎಸ್‌ಆರ್ ಕೊಡಿಸುತ್ತೇವೆ, ಇಷ್ಟು ಪರ್ಸೆಂಟ್ ಕೊಡಿ’ ಎಂದು ಬರುವ ಮಧ್ಯವರ್ತಿಗಳನ್ನು ಬಾಗಿಲಲ್ಲೇ ಕಳಿಸಿಬಿಡಿ. ಸರ್ಕಾರಿ ಶಾಲೆಯಾದರೆ ದೇಣಿಗೆ ಪಡೆಯುವ ಮೊದಲು ಬಿಇಒ ಕಚೇರಿಗೆ ಲಿಖಿತವಾಗಿ ತಿಳಿಸಿಡುವುದು ಒಳ್ಳೆಯದು.

ಇನ್ನೆರಡು ದಾರಿಗಳು, ಒಂದು ಗೊಂದಲ

ಕೇಂದ್ರ ಶಿಕ್ಷಣ ಸಚಿವಾಲಯದ ‘ವಿದ್ಯಾಂಜಲಿ’ ಪೋರ್ಟಲ್ ಶುರುವಾದದ್ದು 2021ರ ಸೆಪ್ಟೆಂಬರ್‌ನಲ್ಲಿ. ಶಾಲೆ ತನಗೆ ಬೇಕಾದ ಸಾಮಗ್ರಿಯನ್ನು ಅಲ್ಲಿ ದಾಖಲಿಸುತ್ತದೆ. ಹಳೆ ವಿದ್ಯಾರ್ಥಿಗಳು, ನಿವೃತ್ತರು, ಕಂಪನಿಗಳು ಅದನ್ನು ನೋಡಿ ಸಾಮಗ್ರಿಯನ್ನೋ ತಮ್ಮ ಸಮಯವನ್ನೋ ಕೊಡಬಹುದು. ಹೊರದೇಶದಲ್ಲಿರುವ ನಿಮ್ಮೂರಿನವರು ‘ಶಾಲೆಗೆ ಏನಾದರೂ ಮಾಡಬೇಕು’ ಎಂದರೆ ಈ ದಾರಿ ತೋರಿಸಬಹುದು.

‘ಇನ್‌ಸ್ಪೈರ್ ಮಾನಕ್’ ಬಗ್ಗೆ ಗೊಂದಲವಿದೆ. ಅಲ್ಲಿ ಸಿಗುವ 10,000 ರೂಪಾಯಿ ಶಾಲೆಯ ಉಪಕರಣಕ್ಕಲ್ಲ. ಶಾಲೆ ಕಳಿಸಿದ ವಿದ್ಯಾರ್ಥಿಯ ಹೊಸ ಆಲೋಚನೆ ಆಯ್ಕೆಯಾದರೆ, ಅದರ ಮಾದರಿ ತಯಾರಿಸಲು ಆ ಮಗುವಿನ ಖಾತೆಗೇ ಬರುವ ಹಣ ಅದು. ಒಳ್ಳೆಯ ಅವಕಾಶ, ಬಿಡಬೇಡಿ. ಆದರೆ ಅದನ್ನು ಲ್ಯಾಬಿನ ಲೆಕ್ಕಕ್ಕೆ ಸೇರಿಸಬೇಡಿ.

ಅರ್ಜಿಯಲ್ಲಿ ಏನು ಬರೆಯಬೇಕು?

ಇದೇ ಮುಖ್ಯವಾದ ಭಾಗ. ಸಾಮಾನ್ಯವಾಗಿ ನಾವು ಬರೆಯುವುದು ಹೀಗೆ: ‘ನಮ್ಮದು ಹಿಂದುಳಿದ ಪ್ರದೇಶದ ಶಾಲೆ. ಬಡ ಮಕ್ಕಳು ಓದುತ್ತಿದ್ದಾರೆ. ಪ್ರಯೋಗಾಲಯ ಇಲ್ಲ. ದಯಮಾಡಿ ಸಹಾಯ ಮಾಡಬೇಕಾಗಿ ವಿನಂತಿ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುವವರ ಮೇಜಿನ ಮೇಲೆ ಇಂಥದ್ದೇ ನೂರು ಪತ್ರಗಳಿರುತ್ತವೆ. ಎಷ್ಟು ಹಣ, ಯಾವುದಕ್ಕೆ, ಕೊಟ್ಟರೆ ಏನಾಗುತ್ತದೆ, ಒಂದೂ ಅದರಲ್ಲಿಲ್ಲ. ಇದೇ ಕೋರಿಕೆಯನ್ನು ಹೀಗೆ ಬರೆದು ನೋಡಿ:

‘ನಮ್ಮ 8ನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ. ಈರುಳ್ಳಿ ಪೊರೆಯ ಜೀವಕೋಶವನ್ನು ಅವರು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ಎರಡು ಸೂಕ್ಷ್ಮದರ್ಶಕ ಸಿಕ್ಕರೆ ಜುಲೈ ತಿಂಗಳ ನಾಲ್ಕು ತರಗತಿಗಳಲ್ಲಿ 40 ಮಕ್ಕಳೂ ಸ್ವತಃ ಸ್ಲೈಡ್ ತಯಾರಿಸಿ, ನೋಡಿ, ಚಿತ್ರ ಬರೆಯುತ್ತಾರೆ. ಆ ಚಿತ್ರಗಳನ್ನು ಆಗಸ್ಟ್‌ನಲ್ಲಿ ನಿಮಗೆ ಕಳಿಸುತ್ತೇವೆ.’

ಎರಡನೆಯದು ಉದ್ದವೇನಲ್ಲ. ಆದರೆ ಹಣ ಕೊಡುವವರಿಗೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ಯಾವ ತರಗತಿ, ಎಷ್ಟು ಮಕ್ಕಳು, ಯಾವ ಪಾಠ, ಯಾವಾಗ, ಕೊನೆಗೆ ಏನು ತೋರಿಸುತ್ತೀರಿ, ಈ ಐದಕ್ಕೂ ಉತ್ತರವಿದೆ. ಆದ್ದರಿಂದ ಮೊದಲು ಉಪಕರಣದ ಪಟ್ಟಿ ಮಾಡಬೇಡಿ, ಪಾಠದ ಪಟ್ಟಿ ಮಾಡಿ. ಪಠ್ಯಪುಸ್ತಕ ಮುಂದಿಟ್ಟುಕೊಂಡು ‘ಇದನ್ನು ಮಕ್ಕಳು ಕೈಯಾರೆ ಮಾಡಬೇಕು’ ಎನಿಸುವ ಹತ್ತು ಚಟುವಟಿಕೆ ಗುರುತಿಸಿ. ಉಪಕರಣದ ಪಟ್ಟಿ ತಾನಾಗಿಯೇ ಬರುತ್ತದೆ.

ಆಗ ಇನ್ನೊಂದು ಲಾಭವೂ ಆಗುತ್ತದೆ: ಯಾವುದನ್ನು ಕೊಳ್ಳಬೇಕಿಲ್ಲ ಎಂಬುದು ತಿಳಿಯುತ್ತದೆ. ಲೋಲಕದ ಪಾಠಕ್ಕೆ ದಾರ ಮತ್ತು ಕಲ್ಲು ಸಾಕು. 25 ಸೆಂಟಿಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಟ್ಟರೆ ಒಮ್ಮೆ ಹೋಗಿಬರಲು ಸುಮಾರು 1 ಸೆಕೆಂಡ್, 1 ಮೀಟರ್ ದಾರವಾದರೆ ಸುಮಾರು 2 ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡೇ ಪಟ್ಟು ಎಂಬುದು ಮಕ್ಕಳ ಫೋನಿನಂಥ ಯಾವುದಾದರೂ ಗಡಿಯಾರದಲ್ಲೇ ಗೊತ್ತಾಗುತ್ತದೆ. ಗಣಿತದಲ್ಲಿ, 1 ಮೀಟರ್ ಉದ್ದದ 12 ಕೋಲುಗಳನ್ನು ಕಟ್ಟಿ ಒಂದು ಘನ ಮಾಡಿ ಅದರೊಳಗೆ ಮಕ್ಕಳನ್ನೇ ಕೂರಿಸಿ. ಒಂದು ಘನ ಮೀಟರ್ ಎಂದರೆ 1,000 ಲೀಟರ್ ಎಂಬುದನ್ನು ಅವರು ಮರೆಯುವುದಿಲ್ಲ. ‘ಇವಿಷ್ಟನ್ನು ನಾವೇ ಮಾಡಿಕೊಂಡಿದ್ದೇವೆ, ಇದೊಂದನ್ನು ಮಾಡಿಕೊಳ್ಳಲಾಗುವುದಿಲ್ಲ’ ಎಂದು ಬರೆದ ಅರ್ಜಿಗೆ ತೂಕ ಹೆಚ್ಚು.

ಎಷ್ಟು ಕೇಳಬೇಕು?

ಮೇಲಿನ ಉದಾಹರಣೆಯಲ್ಲಿ 40 ಮಕ್ಕಳಿಗೆ ಎರಡೇ ಸೂಕ್ಷ್ಮದರ್ಶಕ ಏಕೆ? ಐದೈದು ಮಕ್ಕಳ ಗುಂಪು ಮಾಡಿದರೆ 8 ಗುಂಪು. ಎಲ್ಲರೂ ಒಟ್ಟಿಗೇ ಜೀವಕೋಶ ನೋಡಬೇಕೆಂದರೆ 8 ಸೂಕ್ಷ್ಮದರ್ಶಕ ಬೇಕು. ಅದರ ಬದಲು ಕೊಠಡಿಯಲ್ಲಿ ನಾಲ್ಕು ಬೇರೆ ಬೇರೆ ಪ್ರಯೋಗಗಳನ್ನು ಜೋಡಿಸಿ, ಒಂದೊಂದರಲ್ಲಿ ಎರಡು ಗುಂಪು ಕೂರಿಸಿ, ಮರುದಿನ ಜಾಗ ಬದಲಿಸಿದರೆ ಎರಡರಲ್ಲೇ ಮುಗಿಯುತ್ತದೆ. ನಾಲ್ಕು ತರಗತಿಗಳಲ್ಲಿ ಎಲ್ಲ ಗುಂಪೂ ಎಲ್ಲ ಪ್ರಯೋಗ ಮಾಡಿರುತ್ತದೆ. ಕಾಲು ಭಾಗ ಹಣ, ಕಲಿಕೆ ಅಷ್ಟೇ.

ಸಿದ್ಧ ಕಿಟ್ ಬೇಕೆಂದರೆ ಎನ್‌ಸಿಇಆರ್‌ಟಿ ತಯಾರಿಸಿರುವ ವಿಜ್ಞಾನ ಮತ್ತು ಗಣಿತದ ಕಿಟ್‌ಗಳನ್ನು ಮೊದಲು ನೋಡಿ. ಶಾಲೆಯ ಪಾಠಕ್ಕೆಂದೇ ಮಾಡಿದವು ಅವು. ಅದರಲ್ಲಿ ಸಿಗುವುದನ್ನೇ ಬಿಡಿಬಿಡಿಯಾಗಿ ಹೆಚ್ಚು ಬೆಲೆಗೆ ಕೊಳ್ಳಬೇಕಿಲ್ಲ.

ಬಜೆಟ್‌ನಲ್ಲಿ ಜನ ಮರೆಯುವುದು ಚಿಕ್ಕ ಸಾಲುಗಳನ್ನು. ಜಿಎಸ್‌ಟಿ, ಸಾಗಾಣಿಕೆ, ಸ್ಲೈಡ್, ಬಣ್ಣದ ದ್ರಾವಣ, ಬ್ಯಾಟರಿ, ಇಡಲು ಬೀರು, ಶಿಕ್ಷಕರಿಗೆ ಒಂದು ದಿನದ ತರಬೇತಿ ಇವೆಲ್ಲ ಸೇರಿರಲಿ. ಅಂಗಡಿಯ ಕೊಟೇಶನ್ ಲಗತ್ತಿಸಿ. ಸಾಮಾನ್ಯವಾಗಿ ಮೂರು ಕೇಳುತ್ತಾರೆ.

ಬೀರುವಿನ ಬೀಗ

ಉಪಕರಣ ಬಂದರೂ ಮಕ್ಕಳ ಕೈಗೆ ಸಿಗದ ಶಾಲೆಗಳಿವೆ. ಎಲ್ಲ ಬಾರಿಯೂ ಅದು ಶಿಕ್ಷಕರ ಉದಾಸೀನವಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಬರೆದ ವಸ್ತು ಒಡೆದರೆ ಉತ್ತರ ಹೇಳಬೇಕಾದವರು ಅವರೇ. ಆ ಭಯಕ್ಕೆ ಬೀರುವಿಗೆ ಬೀಗ ಬೀಳುತ್ತದೆ. ಹೊಸ ಕಾಲದ ಲ್ಯಾಬೂ ಹೀಗೆಯೇ ಧೂಳು ತಿನ್ನಬಹುದು.

ಇದಕ್ಕೆ ಪರಿಹಾರ ಅರ್ಜಿಯಲ್ಲೇ ಶುರುವಾಗಬೇಕು. ಪ್ರನಾಳ, ಬೀಕರ್, ಸ್ಲೈಡ್‌ಗಳಂಥವನ್ನು ಖರ್ಚಾಗುವ ಸಾಮಗ್ರಿ ಎಂದೇ ಬೇರೆಯಾಗಿ ತೋರಿಸಿ. ಒಡೆದದ್ದರ ಬದಲಿಗೆ ತರಲು ಒಂದಿಷ್ಟು ಹಣ ಇಡಿ. ‘ಮಕ್ಕಳ ಕೈಯಲ್ಲಿ ಬಳಸುವಾಗ ಒಡೆದರೆ ಶಿಕ್ಷಕರು ಹೊಣೆಯಲ್ಲ’ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಚರ್ಚಿಸಿ, ಸಭೆಯ ನಡಾವಳಿಯಲ್ಲಿ ಬರೆಸಿ, ಬಿಇಒ ಗಮನಕ್ಕೂ ತನ್ನಿ. ಶಿಕ್ಷಕರಿಗೆ ಧೈರ್ಯ ಬರುವುದು ಇಂಥ ಬೆಂಬಲದಿಂದ.

ಹಣ ಬಂದ ಮೇಲೆ

ಬಿಲ್ಲು, ಸ್ಟಾಕ್ ರಿಜಿಸ್ಟರ್ ನಮೂದು, ಹಣ ಬಳಕೆ ಪ್ರಮಾಣಪತ್ರ ಈ ಮೂರನ್ನು ಒಂದೇ ಫೈಲಿನಲ್ಲಿಡಿ. ಹಲವು ಯೋಜನೆಗಳಲ್ಲಿ ಮೊದಲ ಕಂತಿನ ಲೆಕ್ಕ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕೊಟ್ಟವರಿಗೆ ಮಕ್ಕಳು ಬರೆದ ಚಿತ್ರ, ತೆಗೆದ ಅಳತೆಗಳನ್ನು ಕಳಿಸಿ. ಮಕ್ಕಳ ಮುಖ, ಹೆಸರು, ಶಾಲೆಯ ಖಾತೆ ಸಂಖ್ಯೆಯನ್ನು ಗುಂಪುಗಳಲ್ಲಿ ಹರಡಬೇಡಿ.

ಅರ್ಜಿ ತಿರಸ್ಕಾರವಾದರೆ ಕಾರಣ ಕೇಳಿ. ಕಂಪನಿಯ ವರ್ಷದ ಯೋಜನೆಗೆ ಆಗಲೇ ಒಪ್ಪಿಗೆಯಾಗಿದ್ದರೆ ಪತ್ರ ಎಷ್ಟು ಚೆನ್ನಾಗಿದ್ದರೂ ಜಾಗ ಇರುವುದಿಲ್ಲ. ಅದೇ ಅರ್ಜಿಯನ್ನು ತಿದ್ದಿ, ಹಣಕಾಸು ವರ್ಷ ಶುರುವಾಗುವ ಮೊದಲೇ ಮತ್ತೆ ಕಳಿಸಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

‘ಎಲ್ಲ ಶಾಲೆಗೂ 20 ಲಕ್ಷ ಎಂಬುದು ಸುಳ್ಳು. ಅಟಲ್ ಟಿಂಕರಿಂಗ್ ಲ್ಯಾಬ್ ಆಯ್ಕೆಯಾದ ಶಾಲೆಗಳಿಗೆ ಮಾತ್ರ. ಅರ್ಜಿಗೆ ಹಣ ಕಟ್ಟಬೇಡಿ, ಒಟಿಪಿ, ಪಿನ್ ಕೊಡಬೇಡಿ. ಮೋಸ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ನಿಮ್ಮ ಶಾಲೆಗೆ ಪ್ರತಿ ವರ್ಷ ಬರುವ ಸಂಯುಕ್ತ ಅನುದಾನ ಎಷ್ಟು, ಅದರಲ್ಲಿ ವಿಜ್ಞಾನ, ಗಣಿತಕ್ಕೆ ಎಷ್ಟು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಡಿಸೆಂಬರ್ ಒಳಗೆ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬೇಕಾದದ್ದನ್ನು ಬರೆಸಿ.’

ಇದನ್ನು ಹತ್ತು ಗುಂಪಿಗೆ ಕಳಿಸಲೇಬೇಕೆಂದಿಲ್ಲ. ನಿಮ್ಮೂರಿನ ಶಾಲೆಯ ಗುಂಪು ಒಂದಕ್ಕೆ ಕಳಿಸಿ, ಮುಂದಿನ ಸಭೆಗೆ ನೀವೂ ಹೋಗಿ.